ಬಂಡೆಯ ಮಗ್ಗುಲಿನ ಅಲೆ

ಚೆರಾಟಿಂಗ್‌ನ ಕಡಲು ಜನವರಿಯಲ್ಲಿ ಬೂದು ಬಣ್ಣಕ್ಕಿರುತ್ತದೆ. ಮಳೆಗಾಳಿ ಬೀಸಿ ನೀರು ತಣ್ಣಗಾಗುತ್ತದೆ. ದಡದ ಒಂದು ತುದಿಯಲ್ಲಿ ಬಂಡೆಗಳು ಸಮುದ್ರದೊಳಕ್ಕೆ ಚಾಚಿವೆ. ಅಲೆ ಅಲ್ಲಿ ಮುರಿಯಲು ತೊಡಗಿ, ಸೀರೆಯ ನೆರಿಗೆ ಬಿಚ್ಚಿದಂತೆ ದಡದುದ್ದಕ್ಕೂ ಬಿಚ್ಚಿಕೊಳ್ಳುತ್ತ ಬರುತ್ತದೆ. ಒಮ್ಮೆಯಾದರೂ ಆ ಅಲೆಯ ಮೇಲೆ ನಿಂತು ಬರಬೇಕೆಂಬುದು ದೇವಕಿಯವರ ಆಸೆ.

ಮೈಸೂರಿನಲ್ಲಿ ಹುಟ್ಟಿದ ದೇವಕಿಯವರಿಗೆ ಐವತ್ತು ದಾಟಿದೆ. ಈ ಪರದೇಶದಲ್ಲಿ, ಪಕ್ಕದ ರಾಜ್ಯದ ಸುಬಾಂಗ್ ಜಯಾ ನಗರದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಾರೆ. ಕೊರೋನಾದ ಮೊದಲ ವರ್ಷ ಪರದೆಯ ಕಪ್ಪು ಚೌಕಗಳಿಗೆ ಪಾಠ ಹೇಳಿ ಕಳೆದರು. ಡಿಸೆಂಬರಿನಲ್ಲಿ ರಾಜ್ಯದ ಗಡಿ ದಾಟಲು ಬಿಟ್ಟಾಗ, ಪಕ್ಕದ ಫ್ಲ್ಯಾಟಿನ ಮಂಗಳೂರಿನ ಲಿನೆಟ್ ದೇವಕಿಯವರನ್ನು ಇಲ್ಲಿಗೆ ಕರೆತಂದಳು. ಬಾಡಿಗೆಯ ಸರ್ಫಿಂಗ್ ಹಲಗೆ ಹಿಡಿದು ನೀರಿಗಿಳಿದ ದೇವಕಿ ಮತ್ತೆ ಮತ್ತೆ ಬಂದರು. ದಡದ ನೊರೆಯಲ್ಲಿ ಬಿದ್ದೂ ಬಿದ್ದೂ ನಿಲ್ಲಲು ಕಲಿತರು. ಗಡಿಗಳು ಮತ್ತೆ ಮುಚ್ಚುತ್ತವೆಂದು ಸುದ್ದಿ ಬಂದದ್ದೇ, ರಜೆ ಹಾಕಿ, ಗಡಿ ತೆರೆದಿರುವ ಕೊನೆಯ ದಿನ ಲಿನೆಟ್ ಜೊತೆ ಹೊರಟು ಬಂದರು.

ಬಂಡೆಯ ಬಳಿ ಹಲಗೆಗಳ ಮೇಲೆ ಕಾಯುವವರಲ್ಲಿ ಒಂದು ನಿಯಮವಿದೆ. ಅಲೆ ಮುರಿಯುವ ಜಾಗಕ್ಕೆ ಯಾರು ಹತ್ತಿರವೋ ಅಲೆ ಅವರದು. ಬೆಳಗಿನಿಂದ ದೇವಕಿ ಆ ಜಾಗದಲ್ಲೇ ಇದ್ದರು. ಪ್ರತಿ ಅಲೆಗೂ ಪಕ್ಕದವರತ್ತ ಕೈ ಚಾಚಿ, ನೀವು ಹೋಗಿ ಎಂಬಂತೆ ನಕ್ಕರು. ಅವರು ಹೋದರು.

ಮಧ್ಯಾಹ್ನ ಮರಳಿನ ಮೇಲೆ ಲಿನೆಟ್, ತಮಿಳು ಮುಸ್ಲಿಮರ ಮಾಮಾಕ್ ಅಂಗಡಿಯಿಂದ ಕಟ್ಟಿಸಿ ತಂದ, ಪರೋಟದಂಥ ರೊಟಿ ಚನಾಯ್ ಬಿಚ್ಚಿದಳು.

"ಎಂತ ದೇವಕಿ ಅಕ್ಕ, ಅಲ್ಲಿ ಮದುವೆ ಊಟಕ್ಕೆ ಜನ ಕೂರಿಸ್ಲಿಕ್ಕೆ ಹೋದದ್ದಾ ನೀವು?"

"ಪಾಪ, ಅವರೂ ಕಾಯ್ತಿದ್ರು ಕಣೇ."

"ಅವರು ನಾಳೆಯೂ ಇಲ್ಲೇ ಇರ್ತಾರೆ ಮಾರಾಯ್ರೆ! ನಿಮಗೆ ನಾಳೆ ಝೂಮ್ ಕ್ಲಾಸ್. ಅದ್ರಲ್ಲಿ ಅಲೆ ಬರ್ತದಾ?"

"ಮುಂದೆ ನುಗ್ಗಿ ತಗೊಳ್ಳೋದು ಹೇಗೆ? ನಮ್ಮ ಕಡೆ..."

"ನಿಮ್ಮ ಕಡೆ ಸಮುದ್ರವೇ ಇಲ್ಲ!"

ಹಲಗೆ ಬಾಡಿಗೆಗೆ ಕೊಡುವ ಹಾಫಿಜ್ ಹತ್ತಿರ ಬಂದು ಕೂತ. ಅವನಿಗೂ ಅವರು ಅಕ್ಕನೇ, ಕಾಕ್ ಎನ್ನುತ್ತಿದ್ದ. "ಕಾಕ್, ಬಿಟ್ಟುಕೊಟ್ರೆ ಮರ್ಯಾದೆ ಅಂತ ನಮಗೆ ಗೊತ್ತಾಗಲ್ಲ ಲಾ. ಭಯ ಅಂದ್ಕೋತೀವಿ," ಎಂದ ತನ್ನ ಇಂಗ್ಲಿಷಿನಲ್ಲಿ.

ದೇವಕಿ ರೊಟ್ಟಿಯ ಒಂದು ತುಂಡು ಮುರಿದರು. "ಭಯವೂ ಇದೆ," ಎಂದರು.

ಮತ್ತೆ ನೀರಿಗಿಳಿದಾಗ ಮೋಡ ಕವಿದಿತ್ತು. ಬಂಡೆಯ ಮಗ್ಗುಲಲ್ಲಿ ಒಂದು ಅಲೆ ಮೈ ತುಂಬಿಕೊಂಡು ಎದ್ದಿತು. ಬೆಳಗಿನಿಂದ ಅವರ ಸನ್ನೆ ಕಂಡಿದ್ದ ಪಕ್ಕದವನು ಆಗಲೇ ಹಲಗೆ ತಿರುಗಿಸಿದ್ದ. ದೇವಕಿ ಎರಡೂ ಕೈ ನೀರಿಗೆ ಹಾಕಿದರು.

"ನಂದು!"

ಕನ್ನಡವೇ ಬಾಯಿಗೆ ಬಂದಿತ್ತು. ಅವನು ಹಿಂದೆ ಸರಿದ.

ಎದ್ದು ನಿಂತರು. ಬಂಡೆಗಳು ಹಿಂದೆ ಸರಿದವು. ಮುಂದೆ ನೀರಿನ ಗೋಡೆ ನುಣ್ಣಗೆ, ಹಸಿರಾಗಿ ಏಳುತ್ತಲೇ ಇತ್ತು. ಮರಳು ಇನ್ನೂ ದೂರವಿರುವಾಗ ಬಿದ್ದರು. ಉಪ್ಪು ಉಗುಳಿ ಹಲಗೆ ಹಿಡಿದು ತಿರುಗಿ ನೋಡಿದರೆ ಬಂಡೆಗಳು ಅಷ್ಟು ಹಿಂದೆ!

ದಡದಲ್ಲಿ ಲಿನೆಟ್ ಕಾರಿನತ್ತ ಕೈ ತೋರಿಸಿ ಕೂಗುತ್ತಿದ್ದಳು. ದೇವಕಿ ಇನ್ನೊಂದು ಎಂದು ಬೆರಳೆತ್ತಿ ತೋರಿಸಿ, ಬಂಡೆಯ ಕಡೆಗೆ ಕೈ ಹೊಡೆಯತೊಡಗಿದರು.