ಕಿಡ್ನಿ ಬೈತೈತಿ ಅಂದದ್ದಕ್ಕೆ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಆಪರೇಶನ್ ಆಗಿ ಒಂಬತ್ತನೆಯ ದಿನ. ನನ್ನ ತಮ್ಮ ಮಲ್ಲು ಕಿಬ್ಬೊಟ್ಟೆ ಹಿಡಿದುಕೊಂಡು, "ಅಕ್ಕಾ, ಇಲ್ಲಿ ಕಲ್ಲಿಟ್ಟಂಗ ಆಗೇತಿ" ಎಂದ. ಮಂಚದ ಕೆಳಗಿನ ಬಾಟಲಿಯಲ್ಲಿ ಮೂತ್ರ ಬೆಳಗಿನ ಗೆರೆಯಲ್ಲೇ ನಿಂತಿತ್ತು. ನರ್ಸನ್ನು ಕರೆದೆ. ಆಕೆ ಅವನ ತಲೆ ಸವರಿ, "ಬಯಂ, ಬಯಂ" ಎಂದು ನಕ್ಕಳು. ತಮಿಳಿನಲ್ಲಿ ಬಯಂ ಎಂದರೆ ಹೆದರಿಕೆ. ಅಷ್ಟು ತಮಿಳು ನನಗೆ ಆಗಲೇ ತಿಳಿಯುತ್ತಿತ್ತು.

ವಿಜಾಪುರ ಜಿಲ್ಲೆಯ ನಮ್ಮೂರು ಇಂಡಿಯಿಂದ ಸೊಲ್ಲಾಪುರ, ಅಲ್ಲಿಂದ ರೈಲು ಹಿಡಿದು ಮದ್ರಾಸಿನ ಕಡೆಗೆ ಬಂದವರು ನಾವು ಮೂವರು: ಎರಡೂ ಕಿಡ್ನಿ ಕೆಟ್ಟ ಮಲ್ಲು, ತನ್ನದೊಂದನ್ನು ಅವನಿಗೆ ಕೊಡಲು ಬಂದ ಅವ್ವ, ವಿಜಾಪುರದಲ್ಲಿ ಬಿ.ಎ. ಮುಗಿಸಿದ್ದ ನಾನು. ವರ್ಷವಾದರೂ ಇರಬೇಕೆಂದರು ಡಾಕ್ಟರು. ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಕೋಣೆ ಹಿಡಿದೆವು. ಊರಲ್ಲಿ ರೊಟ್ಟಿ ಬಡಿಯುವ ಸಪ್ಪಳಕ್ಕೆ ಯಾರೂ ತಿರುಗಿ ನೋಡುವುದಿಲ್ಲ; ಇಲ್ಲಿ ಮೊದಲ ದಿನವೇ ಮನೆಯೊಡತಿ ಗಾಬರಿಯಿಂದ ಓಡಿಬಂದಳು. ಒಂದು ಚೂರು ತಿಂದು "ಪರವಾಯಿಲ್ಲೈ", ಅಂದರೆ ಅಡ್ಡಿಯಿಲ್ಲ, ಎಂದಳು. ಅದೇ ನಮ್ಮ ಮೊದಲ ಗೆಲುವು. ಆದರೆ ನಾವು ಸುಮ್ಮನೆ ಮಾತಾಡಿದರೂ ಜಗಳವೆಂದುಕೊಂಡು ಓಣಿಯವರು ಕಿಟಕಿ ತೆರೆದು ನೋಡುತ್ತಿದ್ದರು.

ಕಿಡ್ನಿ ಹಾಕಿಸಿಕೊಂಡವರ ಮನಸ್ಸಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವೈದ್ಯರೊಬ್ಬರು ಆರನೆಯ ದಿನ ಬಂದಿದ್ದರು. ಮನಸ್ಸಿನ ಆತಂಕ ಮೈಯ ನೋವಾಗುವುದು ಅವರ ವಿಷಯ. ತಾಯಿಯ ಕಿಡ್ನಿ ಒಳಗಿರುವುದು ಹೇಗನಿಸುತ್ತದೆಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಅದನ್ನು ಮಲ್ಲುಗೆ ಕನ್ನಡದಲ್ಲಿ ಹೇಳಿದೆ.

ಮಲ್ಲು ಕಣ್ಣು ಮಿಟುಕಿಸಿದ. "ಏನ್ ಹೇಳ್ಲಿರಿ ಸಾಹೇಬ್ರ, ಒಳಗ ಕುಂತು ದಿನಾ ಬೈತೈತಿ. ಏಳೋ, ಮಾರಿ ತೊಳಕೋ ಅಂತೈತಿ."

"ನನ್ನ ಬಾಯಿ ಒಂದು ಸಾಲಲಿಲ್ಲ ಅಂತ ಅದನ್ನೂ ಕಳಿಸೇನಿ, ಮಂಗ್ಯಾ" ಎಂದು ಅವ್ವ ಪಕ್ಕೆಯ ಹೊಲಿಗೆ ಹಿಡಿದುಕೊಂಡು ನಕ್ಕಳು.

ನಾನು ಮಾತ್ರ ನಗಲಿಲ್ಲ. ಇಂಗ್ಲಿಷು ತಪ್ಪಬಾರದೆಂಬ ಗರ್ವದಲ್ಲಿ, ಪರೀಕ್ಷೆಯ ಉತ್ತರದಂತೆ ಒಪ್ಪಿಸಿದೆ: ತಾಯಿಯ ಕಿಡ್ನಿ ಒಳಗಿನಿಂದ ತನ್ನನ್ನು ಬೈಯುತ್ತದೆ ಎನ್ನುತ್ತಾನೆ. ಅವರು ಬರೆದುಕೊಂಡು ಹಾಳೆಯನ್ನು ಮಲ್ಲುವಿನ ಫೈಲಿಗೆ ಸೇರಿಸಿದರು.

ಒಂಬತ್ತನೆಯ ದಿನ ಬಂದ ಕಿರಿಯ ಡಾಕ್ಟರು ಮೊದಲು ಓದಿದ್ದು ಆ ಹಾಳೆಯನ್ನೇ. ತಾಯಿಯ ಅಂಗವನ್ನು ಇವನ ಮನಸ್ಸು ಒಪ್ಪುತ್ತಿಲ್ಲ, ಅದಕ್ಕೇ ನೋವು ಎಂದು ನಿದ್ದೆ ಗುಳಿಗೆ ಬರೆದರು. ಹೊಟ್ಟೆ ಮುಟ್ಟಲಿಲ್ಲ. ಬಾಟಲಿ ತೋರಿಸಿದೆ, ನೋಡಲಿಲ್ಲ. "ಅಂವಾ ಸಾಯಾಕತ್ತಾನ್ರಿ!" ಎಂದು ಕನ್ನಡದಲ್ಲೇ ಕೂಗಿದೆ. ಅಕ್ಕನಿಗೂ ಆತಂಕ ಎಂದು ಅದನ್ನೂ ಬರೆದರು.

ಆಪರೇಶನ್ ಕೋಣೆಯ ಬಾಗಿಲಲ್ಲಿ ಹೋಗಿ ನಿಂತೆ. ಹಿರಿಯ ಸರ್ಜನ್ ಹೊರಬಂದಾಗ ಐದು ದಾಟಿತ್ತು. "ಅವನು ಅಂದದ್ದು ತಮಾಷೆಗೆ. ತಪ್ಪಾಗಿ ಹೇಳಿದವಳು ನಾನು. ಒಮ್ಮೆ ಅವನ ಹೊಟ್ಟೆ ಮುಟ್ಟಿ ನೋಡಿ" ಎಂದೆ. ಅವರು ಬಂದು ಕೈಯಿಟ್ಟರು. ಮಲ್ಲು ಚೀರಿದ. ಅವನ ಮೈ ಅವ್ವನ ಕಿಡ್ನಿಯನ್ನು ತಿರಸ್ಕರಿಸುತ್ತಿತ್ತು. ಅವತ್ತೇ ಇಂಜೆಕ್ಷನ್ ಶುರುವಾಯಿತು. ಮೂರನೆಯ ದಿನ ಬಾಟಲಿಯಲ್ಲಿ ಗೆರೆ ಏರಿತು.

ತಿಂಗಳುಗಳ ನಂತರ ಸಂಶೋಧಕರು ತಮ್ಮ ಅಚ್ಚಾದ ಲೇಖನವನ್ನು ತಾವೇ ತಂದು ತೋರಿಸಿದರು. ಅದರಲ್ಲೊಬ್ಬ ಹಳ್ಳಿಯ ಯುವಕನಿದ್ದ, ತಾಯಿಯ ಕಿಡ್ನಿ ಬೈಯುತ್ತದೆಂಬ ಅವನ ಭ್ರಮೆಯಿತ್ತು. ನೋವು ನಿಜವಾಗಿತ್ತೆಂಬ ಒಂದು ಸಾಲೂ ಇರಲಿಲ್ಲ. ಏಕೆಂದು ಕೇಳಿದೆ.

"ಅದು ಈ ಲೇಖನದ ವಿಷಯವಲ್ಲ" ಎಂದರು.

ಮತ್ತೆ ಯಾವ ಲೇಖನದ ವಿಷಯ ಅದು? ಮನಸ್ಸಿನ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ಆತಂಕ ನಮಗಿತ್ತು, ಇಲ್ಲದಿರಲು ನಾವೇನು ಕಲ್ಲೇ? ಆದರೆ ಹೆದರಿದವನ ಕಿಡ್ನಿ ಕೆಡುವುದೇ ಇಲ್ಲವೆಂದು ಇವರಿಗೆ ಯಾರು ಹೇಳಿದರು? ನಗುತ್ತ ಮಾತಾಡುವ ಊರಿನವನು ನಕ್ಕದ್ದೇ ರೋಗವಾಯಿತಲ್ಲ! ಆ ಎರಡು ಗಂಟೆ ಇವತ್ತಿಗೂ ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ನಡೆಯುತ್ತದೆ.

ವರ್ಷ ತುಂಬಿ ಊರಿಗೆ ಬಂದೆವು. ಇಂಡಿಯ ಬಸ್ ಸ್ಟ್ಯಾಂಡಿನಲ್ಲಿ ಟೆಂಪೋದವನು, "ಯಾಕ್ರಿ ಅಕ್ಕಾರ, ದನಿ ಬಿದ್ದೈತಲ್ಲ?" ಎಂದ. ಅಲ್ಲಿ ನನ್ನ ದನಿ ಜೋರಾಗಿತ್ತು, ಇಲ್ಲಿಗೆ ಸಾಲದಾಗಿದೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಮತ್ತೆ ಅಲ್ಲಿಗೆ ಹೋಗಬೇಕು.

ಮೊದಲ ವಾರವೆಲ್ಲ ರಾತ್ರಿ ಎದ್ದೆದ್ದು ಇಲ್ಲದ ಬಾಟಲಿ ಹುಡುಕಿದೆ. ಸೋಮವಾರ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲು. ಒಂದು ಕ್ಷಣ ಇದು ಯಾವ ಮನೆಯೆಂದೇ ತಿಳಿಯಲಿಲ್ಲ. ಅವ್ವ ಗಡಬಡಿಸಿ ಎದ್ದಳು. "ನಿಂಬಿ ಗಿಡಕ್ಕ ನೀರ ಬಿಡೂದಿತ್ತು. ಎಬ್ಬಸಾಕೇನಾಗಿತ್ತೋ?"

"ಒಳಗಿನಾಕಿನೂ ಮಲಗಿದ್ಲು ಬೇ" ಎಂದ ಮಲ್ಲು, ಹೊಟ್ಟೆ ತಟ್ಟುತ್ತ. "ಬೈಯಾಕ ಯಾರೂ ಇರಲಿಲ್ಲ."

ಈ ಸಲ ಎಲ್ಲರಿಗಿಂತ ಮೊದಲು ನಕ್ಕವಳು ನಾನು.