ಕುಕ್ಕೆ ಚಿತ್ರದ ಪೊಟ್ಟಣ

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಹತ್ತು ವರ್ಷ ಕಂಡವರ ಎಸ್ಟೇಟಿನಲ್ಲಿ ಮೂಟೆ ಹೊತ್ತು, ಮೂರೆಕರೆ ತೋಟ ಮಾಡಿ, ತೊಂಬತ್ತರ ದಶಕದಲ್ಲಿ ಗೋಣಿಬೀಡಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟೆ. ಯಾರ ಹತ್ತಿರವೂ ಕೈ ಚಾಚಲಿಲ್ಲ. ಹುರಿಯುವುದು, ಬೀಸುವುದು ನಾನು. ಪೊಟ್ಟಣ ಕಟ್ಟುವುದು ಹೆಂಡತಿ. ಪೊಟ್ಟಣದ ಚಿತ್ರ ಬರೆದವಳೂ ಅವಳೇ. ಕೆಂಪು ಕಾಗದ, ನಡುವೆ ಹಳದಿ ಬಳೆ, ಬಳೆಯೊಳಗೆ ಕಾಫಿಹಣ್ಣು ಕೊಯ್ಯುವವರು ಸೊಂಟಕ್ಕೆ ಕಟ್ಟುವ ಬುಟ್ಟಿ, ಕುಕ್ಕೆ. ಮದುವೆಗೆ ಮುಂಚೆ ಬಾಳೂರಿನ ಕಡೆ ಅಂಥದೇ ಕುಕ್ಕೆ ಕಟ್ಟಿ ಕೊಯ್ದವಳು ಅವಳು.

ಚಿಕ್ಕಮಗಳೂರಿನ ಅಂಗಡಿಗಳವರೂ ನಮ್ಮ ಪುಡಿ ಕೇಳತೊಡಗಿದ ಮೇಲೆ, ಆ ಚಿತ್ರವನ್ನು ನಮ್ಮ ಟ್ರೇಡ್ ಮಾರ್ಕ್ ಎಂದು ನೋಂದಾಯಿಸಲು ವಕೀಲರಿಂದ ಅರ್ಜಿ ಹಾಕಿಸಿದೆ. ಆಮೇಲೆ ವರ್ಷಗಟ್ಟಲೆ ಸುದ್ದಿಯಿರಲಿಲ್ಲ. ಕೊನೆಗೆ ಒಂದು ಕೊಯ್ಲಿನ ಶುರುವಿನಲ್ಲಿ ನನ್ನ ಹೆಸರಿಗೇ ರಿಜಿಸ್ಟರ್ಡ್ ಪತ್ರ ಬಂತು. ಪೂರ್ತಿ ಇಂಗ್ಲಿಷು. ಪಕ್ಕದ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ತೋರಿಸಿದ್ದರೆ ಎರಡು ನಿಮಿಷದಲ್ಲಿ ಓದಿ ಹೇಳುತ್ತಿದ್ದ. ಅವನ ಎದುರು ಓದಲು ಬಾರದವನಾಗಿ ನಿಲ್ಲಲು ನನಗೆ ಮನಸ್ಸಾಗಲಿಲ್ಲ.

"ವಕೀಲ್ರಿಗಾದ್ರೂ ತೋರ್ಸಿ ಬನ್ನಿ" ಎಂದಳು ಹೆಂಡತಿ.

"ಕೊಯ್ಲು ಮುಗೀಲಿ ಮಾರಾಯ್ತಿ. ಹಣ್ಣು ಉದುರಿ ಹೋಗ್ತವೆ, ಕಾಗ್ದ ಏನು ಕೊಳೀತದಾ?"

ನಮ್ಮ ಕಡೆ ಕೊಯ್ಲಿನಲ್ಲಿ ಹುಳುಕು ಹಲ್ಲು ಕೀಳಿಸುವುದನ್ನೂ ಮುಂದಕ್ಕೆ ಹಾಕುತ್ತಾರೆ. ಪತ್ರವನ್ನು ಗೋಡೆಯ ತಂತಿಗೆ ಚುಚ್ಚಿ ತೋಟಕ್ಕೆ ಹೋದೆ. ರೊಬಸ್ಟಾ ಕೊಯ್ದು, ಒಣಗಿಸಿ, ಕಣ ಗುಡಿಸಿ ಚಿಕ್ಕಮಗಳೂರಿನ ಬಸ್ಸು ಹತ್ತುವಷ್ಟರಲ್ಲಿ ಮೂರು ತಿಂಗಳು ಕಳೆದಿತ್ತು.

ವಕೀಲರು ಓದಿ ಕನ್ನಡಕ ತೆಗೆದರು. "ಆ ಕಪ್ ಚಿತ್ರದ ದೊಡ್ಡ ಕಂಪನಿಯವ್ರು ನಿಮ್ ಅರ್ಜಿಗೆ ತಕರಾರು ಹಾಕಿದಾರೆ. ನಿಮ್ ಚಿತ್ರ ಅವ್ರ ಪೊಟ್ಟಣದ ಹಾಗೇ ಇದೆಯಂತೆ. ಎರಡು ತಿಂಗ್ಳೊಳಗೆ ಉತ್ತರ ಕೊಡ್ಬೇಕಿತ್ತು. ಕೊಡ್ಲಿಲ್ಲ ಅಂದ್ರೆ ಅರ್ಜಿ ಬಿಟ್ಟುಕೊಟ್ರಿ ಅಂತ್ಲೇ ಅರ್ಥ."

"ಕೊಯ್ಲಿತ್ತು ಸಾರ್."

"ಕಾನೂನಿಗೆ ಕೊಯ್ಲು ಗೊತ್ತಿಲ್ಲ. ಇನ್ನು ಇದೇ ಪೊಟ್ಟಣದಲ್ಲಿ ಮಾರಿದ್ರೆ ಕೋರ್ಟಿಗೂ ಎಳೀಬಹುದು."

"ಅವರದು ಕಾಫಿ ಕಪ್. ನಮ್ಮದು ಕುಕ್ಕೆ. ಕಣ್ಣಿಲ್ವಾ ಅವರಿಗೆ?"

ಅವರು ಗುಮಾಸ್ತನಿಂದ ಆ ಕಂಪನಿಯ ಪೊಟ್ಟಣ ತರಿಸಿ, ಎರಡರ ಹೆಸರನ್ನೂ ಬೆರಳಿನಿಂದ ಮುಚ್ಚಿ, ಬಾಗಿಲ ಹತ್ತಿರ ಹೋಗಿ ಹಿಡಿದರು. "ಈಗ ಹೇಳಿ, ನಿಮ್ದು ಯಾವ್ದು?"

ಅದೇ ಕೆಂಪು, ಅದೇ ಹಳದಿ ಬಳೆ. ಕುಕ್ಕೆಯ ಹಗ್ಗ ಅಷ್ಟು ದೂರಕ್ಕೆ ಕಪ್ಪಿನ ಹಿಡಿಯ ಹಾಗೆ ಕಂಡಿತು. ನನ್ನದನ್ನು ಗುರುತಿಸಿದೆ, ನಿಜ. ಆದರೆ ಒಂದು ಗಳಿಗೆ ತಡವಾಯಿತು. ವಕೀಲರು ಅದನ್ನು ನೋಡಿದರು.

ಮನೆಗೆ ಬಂದು ಹೆಂಡತಿಗೆ ತಾರೀಖು ಮೀರಿದ್ದನ್ನು ಹೇಳಿದೆ. ನಮ್ಮ ಪೊಟ್ಟಣ ಗುರುತಿಸಲು ನನಗೆ ಗಳಿಗೆ ತಡವಾದದ್ದನ್ನು ಇವತ್ತಿನವರೆಗೂ ಹೇಳಿಲ್ಲ. ಉಳಿದ ಖಾಲಿ ಪೊಟ್ಟಣಗಳನ್ನೆಲ್ಲ ಅವಳೇ ಹುರಿಯುವ ಒಲೆಗೆ ಹಾಕಿದಳು.

ಆಮೇಲೆ ಚಿತ್ರವಿಲ್ಲದ ಖಾಕಿ ಪೊಟ್ಟಣದಲ್ಲಿ ಮಾರತೊಡಗಿದೆವು. ಹತ್ತು ವರ್ಷದಿಂದ ನಮ್ಮದೇ ಪುಡಿ ಕುಡಿಯುತ್ತಿದ್ದ ಒಬ್ಬ ಮೇಸ್ತ್ರಿ ವಾರ ಬಿಟ್ಟು ಬಂದು ನಕ್ಕ. "ಏನ್ ಮಾರಾಯ್ರೆ, ಚಿಕೋರಿ ಜಾಸ್ತಿ ಹಾಕೋಕೆ ಶುರು ಮಾಡಿದ್ರಾ? ಮೊದ್ಲಿನ ರುಚಿ ಇಲ್ಲ."

ಬೀಜ ಅದೇ, ಒಲೆ ಅದೇ. ಒಳಗೆ ಪೊಟ್ಟಣ ಕಟ್ಟುತ್ತಿದ್ದ ಅವಳ ಕೈ ನಿಂತದ್ದು ನನಗೆ ಕೇಳಿಸಿತು.

"ಮೊದಲಿನದೇ ಪುಡಿ" ಎಂದೆ.

ಅವನು ನಂಬಲಿಲ್ಲ. ಅರ್ಧ ಕೆ.ಜಿ. ಒಯ್ಯುತ್ತಿದ್ದವನು ಕಾಲು ಕೆ.ಜಿ. ಸಾಕು ಎಂದ.