ಶನಿಯ ಪಕ್ಕದ ಚುಕ್ಕೆ

ಶನಿಗ್ರಹದ ಚಂದ್ರರಲ್ಲೆಲ್ಲ ದೊಡ್ಡದು ಟೈಟನ್. ದೊಡ್ಡದೆಂದರೂ ಬರಿಗಣ್ಣಿಗೆ ಕಾಣುವುದಿಲ್ಲ. ಹಾಸನದ ಒಂದು ಬಾಡಿಗೆ ಮನೆಯ ಹಿತ್ತಲಿನಿಂದ ಅದರ ಫೋಟೋ ಹಿಡಿಯಲು ನಾನು ಹೊರಟದ್ದು ಅರವತ್ತರ ದಶಕದ ಮೊದಲಲ್ಲಿ. ದಂಡಿಗನಹಳ್ಳಿ ಕಡೆಯ ಒಕ್ಕಲುಮನೆಯಿಂದ ಬಂದು ಬಿ.ಎಸ್ಸಿ. ಪಾಸು ಮಾಡಿ, ಕಾಲೇಜಿನಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಸ್ಲೇಟು ಹಿಡಿದವರಿಲ್ಲ. ಅದನ್ನು ನಾನು ಎಂದೂ ಮುಚ್ಚಿಟ್ಟವನಲ್ಲ.

ವಿಭಾಗದ ಮುಖ್ಯಸ್ಥರಿಗಂತೂ ಅದು ದಿನಾ ನೆನಪಾಗುತ್ತಿತ್ತು. ಮೂರು ತಲೆಮಾರಿನ ಪುಸ್ತಕಗಳ ನಡುವೆ ಬೆಳೆದ ಆಸಾಮಿ. ಮಸೂರದ ಧೂಳು ಒರೆಸಲೂ ಜವಾನನನ್ನು ಕೂಗುತ್ತಿದ್ದರು. ನಾನು ಆರಂಗುಲದ ಕನ್ನಡಿಯನ್ನು ಎಂಟು ತಿಂಗಳು ಕೈಯಾರೆ ತಿಕ್ಕಿ ದೂರದರ್ಶಕ ಕಟ್ಟಿದೆನೆಂದು ತಿಳಿದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಕ್ಕರು.

"ಏನಯ್ಯಾ, ಎತ್ತಿನ ಬಾಲ ತಿರುಚಿದ್ದು ಸಾಕಾಯ್ತು ಅಂತ ಈಗ ಶನಿಯ ಬಾಲಕ್ಕೆ ಕೈ ಹಾಕಿದೆಯಾ? ಟೈಟನ್ ಫೋಟೋ ತಂದು ತೋರಿಸು, ಕಾಲೇಜಿನ ವಸ್ತುಪ್ರದರ್ಶನದಲ್ಲಿ ನಿನ್ನ ಹೆಸರು ಹಾಕಿ ನಾನೇ ಗೋಡೆಗೆ ತೂಗುಹಾಕ್ತೀನಿ."

ಆ ಗೋಡೆಯ ಮೇಲೆ ನನ್ನ ಹೆಸರು ಬೇಕಿತ್ತು, ಅಷ್ಟೆ. ಆ ವರ್ಷ ಸಂಕ್ರಾಂತಿ ಕಳೆದರೆ ಶನಿ ಸಂಜೆಯ ಬೆಳಕಿನಲ್ಲಿ ಮುಳುಗಿಹೋಗುತ್ತಿದ್ದ.

ಮನೆಯೊಡತಿ ಹಿತ್ತಲಿಗೆ ಬಂದು, "ಶನಿಮಾತ್ಮನ್ನ ಕೊಳವೆ ಇಟ್ಟು ಮನೆಗೇ ಎಳ್ಕತಿದ್ದೀಯಲ್ಲಪ್ಪಾ!" ಎಂದು ಹಣೆ ಚಚ್ಚಿಕೊಂಡರು. ಮುಖ್ಯಸ್ಥರಿಗಿಂತ ಈಕೆ ವಾಸಿ. ಕೊಳವೆಯಿಂದ ಏನೋ ಆಗುತ್ತದೆಂದಾದರೂ ನಂಬಿದ್ದರು.

ದೀಪ ಹಚ್ಚುವ ಹೊತ್ತಿಗೆ ಕೂತು, ಕೊಳವೆಯನ್ನು ಕೂದಲೆಳೆಯಷ್ಟೇ ಸರಿಸುತ್ತ ಶನಿಯನ್ನು ಹಿಂಬಾಲಿಸಿದೆ. ಕೊಳವೆಗೆ ಸಿಕ್ಕಿಸಿದ ಫೋಟೋದ ಗಾಜಿನ ಪ್ಲೇಟುಗಳು ಒಂದರ ಹಿಂದೊಂದು ಹಾಳಾದವು. ಕೊನೆಗೊಂದನ್ನು ಬಸ್ ಸ್ಟ್ಯಾಂಡಿನ ಬಳಿಯ ಸ್ಟುಡಿಯೋದವನು ತೊಳೆದು ಎತ್ತಿ ಹಿಡಿದಾಗ ನೋಡಿದೆ: ಬಿಳಿಯದೆಲ್ಲ ಕಪ್ಪಾಗುವ ನೆಗೆಟಿವ್‌ನಲ್ಲಿ ಶನಿಯ ಕಪ್ಪು ಮುದ್ದೆ, ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಟೈಟನ್! "ಒಣಗ್ಲಿ, ನಾಳೀಕ್ ಬನ್ನಿ ಸಾ" ಎಂದ.

ಮರುದಿನ ಅವನು ಮುದ್ರಿಸಿಕೊಟ್ಟ ಪಟದಲ್ಲಿ ಶನಿಯೊಬ್ಬನೇ ಇದ್ದ.

"ಚುಕ್ಕೆ ಎಲ್ಲಯ್ಯಾ?"

"ಪ್ಲೇಟ್ನಾಗೇ ಕೆರ್ದಾಕ್ಬುಟ್ಟೆ ಸಾ! ಗಂಡಿನ ಕಡೆಯೋರ್ಗೆ ತೋರ್ಸೋ ಪಟದಾಗೆ ಸಿಡುಬಿನ ಕಲೆ ಬುಡ್ತೀವಾ? ಈಗ್ ನೋಡಿ, ಮಕ ಎಂಗೆ ಒಳೀತೈತೆ!"

ಹೊಳೆನರಸೀಪುರ, ಅರಕಲಗೂಡು ಕಡೆಯ ಮದುವೆ ಹೆಣ್ಣುಗಳ ಮುಖವನ್ನೆಲ್ಲ ಪೆನ್ಸಿಲು, ಬ್ಲೇಡು ಹಿಡಿದು ನುಣುಪು ಮಾಡಿದ್ದ ಕೈ ಅದು. ಹೇಳದಿದ್ದರೂ ಮಾಡುವುದು ಆ ಕಸುಬಿನ ಮರ್ಯಾದೆಯಂತೆ. ಇದ್ದುದನ್ನು ಕೆರೆದು ಚೆಂದ ಎನ್ನುವ ಮಂದಿ! ಅವನ ಜೊತೆ ಜಗಳಕ್ಕೂ ನಿಲ್ಲಲಿಲ್ಲ. ತೊಳೆಯುವ ಔಷಧಿ ಕೊಂಡು ಬಂದು, ಅಡುಗೆಮನೆಯ ಕಿಟಕಿಗೆ ಕಂಬಳಿ ಹೊದಿಸಿ, ಪಿಂಗಾಣಿ ತಟ್ಟೆಯಲ್ಲಿ ನಾನೇ ತೊಳೆಯುವುದನ್ನು ಕಲಿತೆ. ಚುಕ್ಕೆ ಮತ್ತೆ ಸಿಕ್ಕಿತು. ಟೈಟನ್ ಶನಿಯನ್ನು ಒಂದು ಸುತ್ತು ಹಾಕಲು ಹದಿನಾರು ದಿನ; ಎಂಟು ದಿನ ಬಿಟ್ಟು ಇನ್ನೊಂದು ಫೋಟೋ ತೆಗೆದೆ. ಮುಖ್ಯಸ್ಥರ ಬಾಯಿಂದ ಯಾವ ಮಾತು ಬರುತ್ತದೆಂದು ನನಗೆ ಗೊತ್ತಿತ್ತು.

ಬಂತು. ಮೊದಲ ಪಟ ನೋಡಿ, "ಧೂಳು ಕಣಯ್ಯಾ ಇದು" ಎಂದರು.

ಎರಡನೆಯದನ್ನು ಪಕ್ಕದಲ್ಲಿಟ್ಟೆ. "ಎಂಟು ದಿನದ ಮೇಲೆ ಧೂಳು ಶನಿಯ ಆ ಪಕ್ಕದಿಂದ ಈ ಪಕ್ಕಕ್ಕೆ ಬಂದಿದೆ ಸಾರ್."

ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು.

ಪ್ರದರ್ಶನದ ದಿನ ಎರಡೂ ಪಟಗಳು ಗೋಡೆಯ ಮೇಲಿದ್ದವು. ಕೆಳಗೆ 'ಭೌತಶಾಸ್ತ್ರ ವಿಭಾಗ' ಎಂದಷ್ಟೇ ಬರೆಸಿದ್ದರು. ಅವರೂ ಕೆರೆಯುವುದರಲ್ಲಿ ಕಮ್ಮಿಯಿರಲಿಲ್ಲ. ನಾನು ಪೆನ್ನು ತೆಗೆದು, ಅವರು ನೋಡುತ್ತಿರುವಾಗಲೇ, ದಪ್ಪಕ್ಷರದಲ್ಲಿ ನನ್ನ ಹೆಸರು ಬರೆದೆ. ಮುಂದೆ ಬಿ.ಎಸ್ಸಿ. ಎಂದೂ ಸೇರಿಸಿದೆ.